ಕಥೆಯಲ್ಲಿ ಕಾಡು, ಕೈಯಲ್ಲಿ ಕೊಡಲಿ



ಮೈನ್‌ಕ್ರಾಫ್ಟ್ ಎಂಬ ವಿಡಿಯೋ ಗೇಮನ್ನು ಮನೆಯ ಮಕ್ಕಳು ಆಡುವುದನ್ನು ನೀವು ನೋಡಿರಬಹುದು. ಆಟ ಶುರುವಾದಾಗ ಆಡುವವರು ಒಂದು ಬಯಲಿನಲ್ಲೋ ಕಾಡಿನ ಅಂಚಿನಲ್ಲೋ ನಿಂತಿರುತ್ತಾರೆ. ಬೆಳಗಿನ ಹೊತ್ತು. ಅಲ್ಲೊಂದು ಕುರಿ, ಇಲ್ಲೊಂದು ಹಂದಿ, ದೂರದಲ್ಲಿ ಗುಡ್ಡ. ಮರ, ಮಣ್ಣು, ಮೋಡ ಎಲ್ಲವೂ ಚೌಕ ಚೌಕ. ಇದನ್ನೇ ಮಾಡಬೇಕೆಂದು ಆಟ ಕಡ್ಡಾಯ ಮಾಡುವುದಿಲ್ಲ. ಆದರೂ ಹೆಚ್ಚುಕಡಿಮೆ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ: ಹತ್ತಿರದ ಮರದ ಬಳಿ ಹೋಗಿ ಬರಿಗೈಯಲ್ಲಿ ಗುದ್ದುವುದು. ಗುದ್ದಿದರೆ ದಿಮ್ಮಿ ಸಿಗುತ್ತದೆ. ದಿಮ್ಮಿಯಿಂದ ಹಲಗೆ, ಹಲಗೆಯಿಂದ ಮೇಜು, ಮೇಜಿನ ಮೇಲೆ ಮರದ ಪಿಕಾಸಿ. ಅದರಿಂದ ಕಲ್ಲು, ಕಲ್ಲಿನ ಪಿಕಾಸಿಯಿಂದ ಕಬ್ಬಿಣ, ಕಬ್ಬಿಣದ ಪಿಕಾಸಿಯಿಂದ ವಜ್ರ. ಕತ್ತಲಾದರೆ ಪಿಶಾಚಿಗಳು ಬರುತ್ತವೆ, ಅಷ್ಟರೊಳಗೆ ತಲೆಯ ಮೇಲೊಂದು ಸೂರು ಬೇಕು. ಮರ ಮುಟ್ಟದೆ ಆಟ ಮುಂದಕ್ಕೆ ಹೋಗುವುದು ಬಲು ಕಷ್ಟ.

2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಈ ಆಟ 2023ರ ಹೊತ್ತಿಗೆ 30 ಕೋಟಿ ಪ್ರತಿ ಮಾರಾಟವಾಗಿತ್ತು. ಇಷ್ಟು ಜನ ಸೇರಿ ಇಷ್ಟು ಮರ ಕಡಿದದ್ದು ಭೂಮಿಯ ಚರಿತ್ರೆಯಲ್ಲಿ ಬೇರೆಲ್ಲೂ ಇರಲಾರದು. ಪುಣ್ಯಕ್ಕೆ ಅವು ಮರಗಳಲ್ಲ. ಆದರೆ ಆ ಲೋಕದ ಅಳತೆಯನ್ನು ಸ್ವಲ್ಪ ಗಮನಿಸಿ. ಅಲ್ಲಿನ ಒಂದು ಚೌಕ ಒಂದು ಮೀಟರ್ ಎಂದು ಲೆಕ್ಕ. ಹಾಗೆ ನೋಡಿದರೆ ಆ ಲೋಕದ ಒಂದೊಂದು ಮಗ್ಗುಲೂ 60,000 ಕಿಲೋಮೀಟರ್ ಉದ್ದ. ಒಟ್ಟು ವಿಸ್ತಾರ ನಮ್ಮ ಭೂಮಿಯ ಮೇಲ್ಮೈಯ ಸುಮಾರು 7 ಪಟ್ಟು. ಇಲ್ಲಿನ ಕಾಡು ಮುಗಿಯಿತೇ, ಗುಡ್ಡ ದಾಟಿದರೆ ಇನ್ನೊಂದು ಕಾಡು. ಯಾವ ಮಗುವೂ ಈ ಆಟದಲ್ಲಿ ಮರದ ಬರ ಕಂಡಿರಲಿಕ್ಕಿಲ್ಲ.

ನಿಸರ್ಗ ಮತ್ತು ತಂತ್ರಜ್ಞಾನದ ಜಗಳ ವಿಡಿಯೋ ಗೇಮುಗಳಿಗೆ ಅಚ್ಚುಮೆಚ್ಚಿನ ವಸ್ತು. ಇದರಲ್ಲೊಂದು ತಮಾಷೆಯಿದೆ. ಕರೆಂಟು, ಚಿಪ್ಪು, ಪ್ಲಾಸ್ಟಿಕ್ಕು ಇಲ್ಲದೆ ಒಂದು ಗಳಿಗೆಯೂ ಬದುಕಲಾರದ ಕಲೆ ಇದು. ಇದೇ ಕಲೆ ದಶಕಗಳಿಂದ ಯಂತ್ರದ ವಿರುದ್ಧ, ಕಾಡಿನ ಪರವಾಗಿ ವಕಾಲತ್ತು ವಹಿಸಿಕೊಂಡು ಬಂದಿದೆ. ಆ ವಕಾಲತ್ತನ್ನು ನಾವು ಎಷ್ಟು ನಂಬಬೇಕು? ಸಿನಿಮಾ, ಕಾದಂಬರಿಯಾದರೆ ಕಥೆ ಏನು ಹೇಳಿತು ಎಂದು ನೋಡಬಹುದು. ಆಟಕ್ಕೆ ಅಷ್ಟು ಸಾಲದು. ಆಟದಲ್ಲಿ ಕಥೆಯೊಂದು, ನಿಯಮವೊಂದು. ಕಥೆ ಕಣ್ಣಿಗೆ, ಕಿವಿಗೆ. ನಿಯಮ ಕೈಬೆರಳಿಗೆ. ಏನು ಮಾಡಿದರೆ ಗೆಲುವು, ಏನು ಮಾಡಿದರೆ ಸಾವು, ಯಾವುದಕ್ಕೆ ಅಂಕ, ಯಾವುದಕ್ಕೆ ದಂಡ ಎಂಬುದನ್ನು ನಿಯಮ ಗೊತ್ತುಮಾಡುತ್ತದೆ. ಗಂಟೆಗಟ್ಟಲೆ ಆಡಿದವರ ಮೈಗೆ ಹತ್ತುವುದು ಅದೇ. ‘ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ’ ಅಂತ ನಮ್ಮಲ್ಲೊಂದು ಗಾದೆಯಿದೆಯಲ್ಲ, ಬಹಳಷ್ಟು ಆಟಗಳ ಮಟ್ಟಿಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಿಲ್ಲ. ಕಥೆ ಮರವನ್ನು ಅಪ್ಪಿಕೋ ಎನ್ನುತ್ತಿರುತ್ತದೆ, ನಿಯಮ ಕಡಿ ಎನ್ನುತ್ತಿರುತ್ತದೆ.

1991ರಲ್ಲಿ ಜಪಾನಿನ ಸೆಗಾ ಕಂಪನಿ ಸೋನಿಕ್ ಎಂಬ ನೀಲಿ ಮುಳ್ಳುಹಂದಿಯನ್ನು ಲೋಕಕ್ಕೆ ಕೊಟ್ಟಿತು. ಅದರ ಕಥೆ ಸಲೀಸು. ಡಾಕ್ಟರ್ ರೋಬಾಟ್ನಿಕ್ ಎಂಬ ದಢೂತಿ ವಿಜ್ಞಾನಿ ಕಾಡಿನ ಮೊಲ, ಹಕ್ಕಿಗಳನ್ನು ಹಿಡಿದು ಯಂತ್ರಗಳ ಹೊಟ್ಟೆಯೊಳಗೆ ತುರುಕುತ್ತಾನೆ. ಸೋನಿಕ್ ಆ ಯಂತ್ರಕ್ಕೆ ಡಿಕ್ಕಿ ಹೊಡೆದರೆ ಒಳಗಿನ ಪ್ರಾಣಿ ಚಂಗನೆ ಹಾರಿ ಓಡುತ್ತದೆ. ಹಸಿರು ಗುಡ್ಡದಲ್ಲಿ ಶುರುವಾದ ಓಟ ಗರಗಸ, ಹೊಗೆ, ಕೊಳವೆಗಳ ಕಾರ್ಖಾನೆಯಲ್ಲಿ ಮುಗಿಯುತ್ತದೆ. ಮಕ್ಕಳಿಗೂ ತಿಳಿಯುವ ಪಾಠ. ಆದರೆ ನಿಯಮವೇನು? ಓಡು. ಪ್ರತಿ ಹಂತಕ್ಕೂ ಹತ್ತು ನಿಮಿಷದ ಗಡುವು. ಹೂವಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡೋಣವೆಂದರೆ ಸೋನಿಕ್ ನಮ್ಮ ಕಡೆ ತಿರುಗಿ ಅಸಹನೆಯಿಂದ ಕಾಲು ಕುಟ್ಟುತ್ತಾನೆ. ನಿಸರ್ಗದ ಈ ಕಾವಲುಗಾರನಿಗೆ ನಿಸರ್ಗದಲ್ಲಿ ನಿಲ್ಲುವಷ್ಟು ಪುರಸೊತ್ತಿಲ್ಲ.

ಸೋನಿಕ್ ಮಕ್ಕಳ ಮಾತಾಯಿತು. ದೊಡ್ಡವರ ಮಾತಿಗೆ 1997ರಲ್ಲಿ ಬಂದ ಫೈನಲ್ ಫ್ಯಾಂಟಸಿ ಸೆವೆನ್ ಎಂಬ ಜಪಾನೀ ಆಟವನ್ನೇ ನೋಡಬೇಕು. ಸ್ಕ್ವೇರ್ ಎಂಬ ಕಂಪನಿ ಮಾಡಿದ್ದು. ಹೂ ಮಾರುವ ಹುಡುಗಿಯೊಬ್ಬಳ ಮುಖ ಮೊದಲು ಕಾಣುತ್ತದೆ. ನೋಟ ಹಿಂದೆ ಸರಿದಂತೆ ಅವಳು ನಿಂತ ಬೀದಿ, ಬೀದಿಯಾಚೆಯ ಕೇರಿ, ಕೊನೆಗೆ ಇಡೀ ಮಿಡ್ಗಾರ್ ನಗರ ಕಣ್ಣೆದುರು ಬರುತ್ತದೆ. ನಡುವೆ ವಿದ್ಯುತ್ ಕಂಪನಿಯ ಗೋಪುರ, ಸುತ್ತ ಎಂಟು ಸ್ಥಾವರ. ಉಳ್ಳವರ ನಗರವನ್ನು ಭಾರಿ ಉಕ್ಕಿನ ತಟ್ಟೆಯ ಮೇಲೆ ಎತ್ತರದಲ್ಲಿ ಕಟ್ಟಿದ್ದಾರೆ. ತಟ್ಟೆಯ ಕೆಳಗೆ ಬಡವರ ಕೊಳೆಗೇರಿ, ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಆ ಕೊಳೆಗೇರಿಯಲ್ಲಿ ಹೂ ಬಿಡುವ ಜಾಗ ತೀರ ಅಪರೂಪ, ಮುರಿದ ಇಗರ್ಜಿಯೊಂದರ ನೆಲ ಅಂಥದ್ದು.

ಶಿನ್ರಾ ಎಂಬ ಆ ಕಂಪನಿ ನೆಲದೊಳಗಿನಿಂದ ಮಾಕೋ ಎಂಬ ಶಕ್ತಿಯನ್ನು ಹೀರಿ ಕರೆಂಟು ಮಾಡುತ್ತದೆ. ಮಾಕೋ ಎಂದರೆ ಆ ಗ್ರಹದ ಜೀವರಸ. ಸತ್ತವರು ಅದರೊಳಕ್ಕೆ ಸೇರುತ್ತಾರೆ, ಹುಟ್ಟುವವರು ಅದರಿಂದ ಬರುತ್ತಾರೆ. ನಗರಕ್ಕೆ ದೀಪ ಹತ್ತುವುದು ಅಂಥದ್ದನ್ನು ಸುಟ್ಟು. ಸುತ್ತಲ ನೆಲ ಬೂದಿಬಣ್ಣಕ್ಕೆ ತಿರುಗಿದೆ. ಇದನ್ನು ನಿಲ್ಲಿಸಲು ಹೊರಟ ಚಿಕ್ಕ ಗುಂಪೊಂದು ಮೊದಲನೆಯ ಸ್ಥಾವರಕ್ಕೆ ಬಾಂಬು ಇಡುತ್ತದೆ. ಆಡುವವರು ಮಾಡಬೇಕಾದ ಮೊದಲ ಕೆಲಸವೇ ಅದು.

ಗುಂಪಿನ ನಾಯಕ ಬ್ಯಾರೆಟ್, ಒಂದು ಕೈಯ ಜಾಗದಲ್ಲಿ ಬಂದೂಕು ಕಟ್ಟಿಸಿಕೊಂಡ ಆಳು. ಗ್ರಹ ಅಳುತ್ತಿದೆ ಎಂದು ಅಬ್ಬರಿಸುತ್ತಿರುತ್ತಾನೆ. ಆದರೆ ಆಟ ಅರ್ಧ ದಾರಿಗೆ ಬರುವ ಮೊದಲೇ ಅವನ ಹಳೆಯ ಕಥೆ ಬಯಲಾಗುತ್ತದೆ. ಅವನು ಕಲ್ಲಿದ್ದಲು ಗಣಿಯ ಊರಿನವನು. ಊರಿಗೆ ಮಾಕೋ ಸ್ಥಾವರ ಬರಲಿ, ಕಲ್ಲಿದ್ದಲ ಕಾಲ ಮುಗಿಯಿತು ಎಂದು ವಾದಿಸಿದವನು ಇವನೇ. ಬೇಡವೆಂದವನು ಅವನ ಜೀವದ ಗೆಳೆಯ. ಸ್ಥಾವರ ಬಂತು, ಸ್ಫೋಟವಾಯಿತು, ಕಂಪನಿ ಊರಿನವರ ಮೇಲೆ ತಪ್ಪು ಹೊರಿಸಿ ಊರನ್ನೇ ಸುಟ್ಟಿತು. ಹೆಂಡತಿ, ಕೈ, ಗೆಳೆಯ ಮೂರೂ ಹೋದವು. ಅವನ ಸಿಟ್ಟಿನ ಬೇರು ಇಲ್ಲಿದೆ. ಮುಂದೊಂದು ಕಡೆ ಅವನ ಜೊತೆಗಾರನೇ ಅವನನ್ನು ಕೇಳುತ್ತಾನೆ: ನೀನು ಸ್ಥಾವರ ಸಿಡಿಸಿದಾಗ ಎಷ್ಟು ಜನ ಸತ್ತರು, ಲೆಕ್ಕ ಇಟ್ಟಿದ್ದೀಯಾ? ಗ್ರಹದ ಸಲುವಾಗಿ ಒಂದಷ್ಟು ಜನ ಎಂದು ಬ್ಯಾರೆಟ್ ಗೊಣಗುತ್ತಾನೆ. ನಿನಗೆ ಒಂದಷ್ಟು, ಸತ್ತವರಿಗೆ ಅದೇ ಸರ್ವಸ್ವ ಎಂಬ ಧಾಟಿಯಲ್ಲಿ ಉತ್ತರ ಬರುತ್ತದೆ. 1997ರ ಒಂದು ಆಟ ತನ್ನ ನಾಯಕರನ್ನೇ ಹೀಗೆ ಕಟಕಟೆಗೆ ಹತ್ತಿಸಿತು ಎಂಬುದಕ್ಕಾಗಿ ನನಗೆ ಅದರ ಮೇಲೆ ಗೌರವ.

ಆದರೂ ನಿಯಮದ ಕಡೆ ಬನ್ನಿ. ಈ ಆಟದಲ್ಲಿ ಬೆಂಕಿ, ಸಿಡಿಲು, ಗಾಯ ಮಾಯಿಸುವ ಮಂತ್ರ ಎಲ್ಲಕ್ಕೂ ಮಟೀರಿಯಾ ಎಂಬ ಹೊಳೆಯುವ ಗುಂಡುಕಲ್ಲು ಬೇಕು. ಮಟೀರಿಯಾ ಎಂದರೆ ಗಟ್ಟಿಯಾದ ಮಾಕೋ. ಯಾವ ಜೀವರಸವನ್ನು ಹೀರಬಾರದೆಂದು ಹೋರಾಟವೋ, ಅದರದೇ ಗಟ್ಟಿಗಳನ್ನು ಕತ್ತಿಗೆ ಸಿಕ್ಕಿಸಿಕೊಂಡು ಹೋರಾಡಬೇಕು. ಹೆಚ್ಚು ಕೂಡಿಹಾಕಿದವರು ಹೆಚ್ಚು ಬಲಶಾಲಿಗಳು. ಆಡುವಾಗ ಇದು ಯಾರನ್ನೂ ಚುಚ್ಚುವುದಿಲ್ಲ. ಮಟೀರಿಯಾ ಸಿಕ್ಕರೆ ಖುಷಿಯೇ ಆಗುತ್ತದೆ. 2005ರಲ್ಲಿ ಈ ಆಟದ ಮುಂದಿನ ಕಥೆ ಸಿನಿಮಾ ಆಗಿ ಬಂತು. ಮಾಕೋ ನಿಂತ ಮೇಲೆ ನಮ್ಮ ಬ್ಯಾರೆಟ್ ಏನು ಮಾಡುತ್ತಿದ್ದಾನೆ ಗೊತ್ತೇ? ಪೆಟ್ರೋಲಿಯಂ ಎಣ್ಣೆಯ ನಿಕ್ಷೇಪ ಹುಡುಕುತ್ತಿದ್ದಾನೆ. ದೊಡ್ಡದೊಂದು ಸಿಕ್ಕಿತೆಂದು ಫೋನಿನಲ್ಲಿ ಸಂಭ್ರಮದಿಂದ ಹೇಳುತ್ತಾನೆ. ಕಥೆ ಬರೆದವರು ವ್ಯಂಗ್ಯವಾಗಿ ಬರೆದರೋ ಮುಗ್ಧವಾಗಿ ಬರೆದರೋ, ಅಂತೂ ಸತ್ಯವನ್ನೇ ಬರೆದರು.

ನಮಗೆ ಇದು ತೀರ ಹೊಸ ಕಥೆಯೇನಲ್ಲ. ಮಹಾಭಾರತದಲ್ಲಿ ಅಗ್ನಿಯ ಹಸಿವು ಹಿಂಗಿಸಲು ಕೃಷ್ಣಾರ್ಜುನರು ಖಾಂಡವ ವನವನ್ನು ಸುಡಿಸುತ್ತಾರೆ. ತಪ್ಪಿಸಿಕೊಂಡು ಓಡುವ ಪ್ರಾಣಿಗಳನ್ನೂ ಬಿಡುವುದಿಲ್ಲ. ಬದುಕಿ ಉಳಿದ ಕೆಲವರಲ್ಲಿ ಒಬ್ಬ ಮಯ. ಪ್ರಾಣ ಉಳಿಸಿದ ಋಣಕ್ಕೆ ಅವನು ಪಾಂಡವರಿಗೆ ಸಭಾಭವನ ಕಟ್ಟಿಕೊಡುತ್ತಾನೆ. ನೆಲ ಯಾವುದು, ನೀರು ಯಾವುದು ತಿಳಿಯದೆ ದುರ್ಯೋಧನ ಮೋಸಹೋದ ಸಭೆ ಅದೇ. ಆ ಕಾಲದ ಅತ್ಯುನ್ನತ ತಂತ್ರಜ್ಞಾನ ಎನ್ನಬಹುದು. ನಾವು ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ಗಾಂಡೀವ ಅರ್ಜುನನ ಕೈಗೆ ಬಂದದ್ದು ಈ ಕಾಡು ಸುಡುವ ಕೆಲಸಕ್ಕೇ. ಮುಂದೆ ಕುರುಕ್ಷೇತ್ರದಲ್ಲಿ ಧರ್ಮದ ಪರ ಎತ್ತಿದ ಬಿಲ್ಲೂ ಅದೇ. ಮಟೀರಿಯಾ ಹೊತ್ತ ಜಪಾನೀ ಆಟದ ಹೋರಾಟಗಾರರಿಗೂ ಗಾಂಡೀವಧಾರಿಗೂ ಇರುವ ಇಕ್ಕಟ್ಟು ಒಂದೇ ಜಾತಿಯದು.

ಕಥೆಯ ಆಟಗಳು ಹೀಗೆ. ಲೆಕ್ಕದ ಆಟಗಳು ಇನ್ನೊಂದು ಬಗೆ. 1989ರಲ್ಲಿ ಅಮೆರಿಕದ ವಿಲ್ ರೈಟ್ ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟ ಮಾಡಿದರು. ಅಲ್ಲಿ ಮರ ಎಂದರೆ ಸೈಟಿನ ಬೆಲೆ ಏರಿಸುವ ಸಾಧನ. ಅಡ್ಡ ಬಂದರೆ ಬುಲ್ಡೋಜರ್. ಮರುವರ್ಷವೇ ಅದೇ ರೈಟ್, ಭೂಮಿ ತನ್ನನ್ನು ತಾನೇ ಹದದಲ್ಲಿಟ್ಟುಕೊಳ್ಳುವ ಒಂದು ಜೀವ ಎಂಬ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಅವರ ಗಾಯಾ ಕಲ್ಪನೆಯನ್ನು ಹಿಡಿದು ಸಿಮ್‌ಅರ್ತ್ ಮಾಡಿದರು. ಬೌದ್ಧಿಕವಾಗಿ ಸೊಗಸಾದದ್ದು. ಆದರೆ ಜನ ಮುಗಿಬಿದ್ದದ್ದು ನಗರ ಕಟ್ಟುವುದಕ್ಕೆ, ಗ್ರಹದ ಆರೋಗ್ಯ ನೋಡಿಕೊಳ್ಳುವುದಕ್ಕಲ್ಲ.

1991ರ ಸಿವಿಲೈಸೇಶನ್ ಆಟದಲ್ಲಿ ಕಾರ್ಖಾನೆ ಹೆಚ್ಚಿದರೆ ನಕ್ಷೆಯ ಮೇಲೆ ಮಾಲಿನ್ಯ ಕಾಣಿಸಿಕೊಳ್ಳುತ್ತಿತ್ತು. ಗುಡಿಸದೆ ಬಿಟ್ಟರೆ ಭೂಮಿ ಬಿಸಿಯೇರಿ ಹೊಲಗಳು ಕೆಡುತ್ತಿದ್ದವು. ರಿಯೋದ ಜಾಗತಿಕ ಪರಿಸರ ಸಮ್ಮೇಳನಕ್ಕೆ ಇನ್ನೂ ಒಂದು ವರ್ಷವಿದ್ದಾಗಿನ ಮಾತು ಇದು. ಇದೇ ಸರಣಿಗೆ 2019ರಲ್ಲಿ ಬಂದ ಗ್ಯಾದರಿಂಗ್ ಸ್ಟಾರ್ಮ್ ಎಂಬ ಸೇರ್ಪಡೆಯಲ್ಲಿ ಕಲ್ಲಿದ್ದಲು ಸುಟ್ಟಂತೆಲ್ಲ ಸಮುದ್ರ ಏರುತ್ತದೆ, ಕರಾವಳಿಯ ಜಾಗಗಳು ಮುಳುಗುತ್ತವೆ. ಆಡುವವರಿಗೆ ಇದೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಸುಡುತ್ತಾರೆ. ಏಕೆಂದರೆ ನಾನು ಬಿಟ್ಟರೆ ಪಕ್ಕದ ರಾಜ್ಯದವನು ಸುಡುತ್ತಾನೆ, ಅವನ ಸೈನ್ಯ ಮುಂದಾಗುತ್ತದೆ. ಹವಾಮಾನ ಸಮ್ಮೇಳನಗಳಲ್ಲಿ ದೇಶದೇಶಗಳ ಪ್ರತಿನಿಧಿಗಳು ಆಡುವ ಮಾತನ್ನು ಹದಿನೈದರ ಹುಡುಗನೊಬ್ಬ ತನ್ನ ಕೋಣೆಯಲ್ಲಿ ಕೂತು ತಾನೇ ಕಂಡುಕೊಳ್ಳುತ್ತಾನೆ. ಉಪದೇಶದಿಂದ ಇದು ಸಾಧ್ಯವಿಲ್ಲ. ನಿಯಮದ ಬಲ ಇಲ್ಲಿದೆ.

ಈ ಬಲವನ್ನು ಎಲ್ಲಕ್ಕಿಂತ ನಿರ್ದಾಕ್ಷಿಣ್ಯವಾಗಿ ಬಳಸಿದ್ದು, ನನ್ನ ದೃಷ್ಟಿಯಲ್ಲಿ, ಫ್ಯಾಕ್ಟೋರಿಯೋ. ಜೆಕ್ ದೇಶದ ಪ್ರಾಗ್ ನಗರದವರು ವರ್ಷಗಟ್ಟಲೆ ತಿದ್ದಿ ತೀಡಿ 2020ರಲ್ಲಿ ಪೂರ್ಣರೂಪಕ್ಕೆ ತಂದ ಆಟ. ಎಂಜಿನಿಯರ್ ಒಬ್ಬನ ನೌಕೆ ಅಪರಿಚಿತ ಗ್ರಹವೊಂದರಲ್ಲಿ ಬಿದ್ದಿದೆ. ಕೈಯಿಂದ ಅದಿರು ಅಗೆಯುವುದರಿಂದ ಶುರುಮಾಡಿ, ಕುಲುಮೆ, ಕನ್ವೇಯರ್ ಬೆಲ್ಟು, ರೈಲು, ತೈಲ ಶುದ್ಧೀಕರಣ ಎಲ್ಲವನ್ನೂ ಕಟ್ಟಿ ಕೊನೆಗೊಂದು ರಾಕೆಟ್ ಹಾರಿಸಬೇಕು. ಇದರ ರುಚಿ ಹತ್ತಿದವರು ಊಟ ನಿದ್ದೆ ಬಿಡುತ್ತಾರೆ. ಒಂದು ಬೆಲ್ಟು ಸರಿಮಾಡಿ ಮಲಗೋಣವೆಂದವರಿಗೆ ಬೆಳಗಾಗಿರುತ್ತದೆ.

ಪ್ರತಿ ಯಂತ್ರವೂ ಹೊಗೆ ಬಿಡುತ್ತದೆ. ನಕ್ಷೆ ತೆರೆದರೆ ಆ ಹೊಗೆ ಕೆಂಪು ಕಲೆಯಾಗಿ ನಮ್ಮ ಕಾರ್ಖಾನೆಯ ಸುತ್ತ ಹರಡುತ್ತಿರುವುದು ಕಾಣುತ್ತದೆ. ಕಾಡು ಅದನ್ನು ಹೀರಿಕೊಳ್ಳುತ್ತದೆ. ಹೀರಿ ಹೀರಿ ಮರಗಳು ಎಲೆ ಉದುರಿಸಿ ಬಣ್ಣಗೆಡುತ್ತವೆ. ಕಾಡು ದಾಟಿದ ಹೊಗೆ ಆ ಗ್ರಹದ ಮೂಲನಿವಾಸಿ ಕೀಟಗಳ ಗೂಡಿಗೆ ತಲುಪಿದಾಗ ಅವು ದಂಡುಕಟ್ಟಿ ಬರುತ್ತವೆ. ಹೊಗೆ ಹೆಚ್ಚಾದಷ್ಟೂ ಅವುಗಳ ಹೊಸ ಪೀಳಿಗೆ ದೊಡ್ಡದು, ಗಟ್ಟಿ. ಅದಕ್ಕೆ ನಾವೇನು ಮಾಡುತ್ತೇವೆ? ಗೋಡೆ ಕಟ್ಟುತ್ತೇವೆ, ಬಂದೂಕು ಇಡುತ್ತೇವೆ. ಗೋಡೆಗೆ ಕಲ್ಲು ಬೇಕು, ಗುಂಡಿಗೆ ಕಬ್ಬಿಣ ಬೇಕು, ಕಬ್ಬಿಣಕ್ಕೆ ಇನ್ನೊಂದು ಕುಲುಮೆ ಬೇಕು, ಕುಲುಮೆ ಇನ್ನಷ್ಟು ಹೊಗೆ ಬಿಡುತ್ತದೆ. ಹೊಸದಾಗಿ ಆಡುವವರು ಮರಗಳನ್ನು ಬರಿ ಅಡಚಣೆಯೆಂದು ತಿಳಿದು ಗ್ರೆನೇಡ್ ಎಸೆದು ಜಾಗ ಮಾಡುತ್ತಾರೆ. ಕೈಪಳಗಿದವರು ಕಾಡನ್ನು ಉಳಿಸುತ್ತಾರೆ, ಹೊಗೆ ತಡೆಯುವ ಪರದೆಯೆಂದು. ಅವರಿಗೂ ಅದು ಕಾಡಲ್ಲ, ಸ್ಪಂಜು.

ಈ ಆಟದಲ್ಲಿ ಉಪದೇಶದ ಒಂದು ಸಾಲೂ ಇಲ್ಲ. ಅಳುವ ಗ್ರಹವಿಲ್ಲ, ಹೂ ಮಾರುವ ಹುಡುಗಿಯಿಲ್ಲ. ಹೊರಗಿನಿಂದ ಬಂದವರು ನೀವು, ಆ ನೆಲದವರು ಅವು, ಹೊಗೆ ನಿಮ್ಮದು ಎಂಬುದು ಮಾತ್ರ ಅಂಕಿಯಲ್ಲಿ, ಬಣ್ಣದಲ್ಲಿ ಕಣ್ಣೆದುರು ಇರುತ್ತದೆ. ಬೇಕಾದವರು ಸೋಲಾರ್ ಫಲಕ ಹಾಕಿ ಹೊಗೆ ಇಳಿಸಬಹುದು. ಬೇಡದವರು ಆಟದ ಶುರುವಿಗೇ ಮಾಲಿನ್ಯದ ನಿಯಮವನ್ನೇ ಆಫ್ ಮಾಡಿಕೊಳ್ಳಬಹುದು! ಈ ಎರಡನೆಯ ಸೌಲಭ್ಯಕ್ಕಾಗಿ ಹಂಬಲಿಸುವ ಕಾರ್ಖಾನೆ ಮಾಲೀಕರು ಆಟದ ಹೊರಗೂ ಬೇಕಾದಷ್ಟು ಜನರಿದ್ದಾರೆ.

ಇದಕ್ಕೆ ತದ್ವಿರುದ್ಧ ದಿಕ್ಕಿನದು ಟೆರಾ ನಿಲ್. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಫ್ರೀ ಲೈವ್ಸ್ ಎಂಬ ಗುಂಪು ಮಾಡಿ, 2023ರಲ್ಲಿ ಹೊರತಂದದ್ದು. ಎದುರಿಗೆ ಸತ್ತ ನೆಲ, ಒಣಗಿದ ಹಳ್ಳ. ಗಾಳಿಯಂತ್ರ ನಿಲ್ಲಿಸಿ, ಮಣ್ಣಿನ ವಿಷ ತೆಗೆದು, ನೀರು ಹಾಯಿಸಿ ಮೊದಲು ಹುಲ್ಲು ಬರಿಸಬೇಕು. ಆಮೇಲೆ ಜೌಗು, ಹೂಬಯಲು, ಕಾಡು. ಕಾಡು ಬರಿಸುವ ಬಗೆ ವಿಚಿತ್ರವಾಗಿದೆ: ಬೆಳೆಸಿದ ಹಸಿರಿನ ಒಂದು ಭಾಗಕ್ಕೆ ನಾವೇ ಬೆಂಕಿ ಇಡಬೇಕು, ಬೂದಿ ಬಿದ್ದ ನೆಲದಲ್ಲಿ ಕಾಡು ಏಳುತ್ತದೆ. ಕೇಪ್ ಪ್ರಾಂತದವರಿಗೆ ಇದು ಮನೆಯಂಗಳದ ಸಂಗತಿ. ಅಲ್ಲಿನ ಫೈನ್‌ಬಾಸ್ ಎಂಬ ಕುರುಚಲು ಸಸ್ಯಲೋಕದಲ್ಲಿ ಎಷ್ಟೋ ಗಿಡಗಳ ಬೀಜ ಮೊಳೆಯಬೇಕಾದರೆ ಬೆಂಕಿ ಹಾಯಬೇಕು. ಖಾಂಡವದ ಬೆಂಕಿಗೆ ಹೀಗೊಂದು ಉತ್ತರ ಕೇಪ್‌ಟೌನಿನಿಂದ ಬಂತು.

ಅದಕ್ಕಿಂತ ಒಳ್ಳೆಯದು ಕೊನೆಯ ಹಂತ. ಹಸಿರು ಬಂತು, ಜಿಂಕೆ ಕರಡಿ ಬಂದವು, ಆಟ ಮುಗಿಯಲಿಲ್ಲ. ಈಗ ನಾವು ನಿಲ್ಲಿಸಿದ ಒಂದೊಂದು ಯಂತ್ರವನ್ನೂ ಕಳಚಿ, ತುಂಬಿಕೊಂಡು, ಹಾರುವ ಹಡಗಿನಲ್ಲಿ ಹೊರಟುಹೋಗಬೇಕು. ಬಂದ ಗುರುತೇ ಉಳಿಯಬಾರದು. ಗೆಲುವು ಎಂದರೆ ನಕ್ಷೆಯ ಮೇಲೆ ನಮ್ಮದೆನ್ನುವುದು ಏನೂ ಇಲ್ಲದಿರುವುದು. ನಗರ ಕಟ್ಟುವ ಆಟಗಳ ಇಷ್ಟು ವರ್ಷದ ಪದ್ಧತಿಯನ್ನು ಈ ಒಂದು ನಿಯಮ ತಲೆಕೆಳಗು ಮಾಡಿತು. ಇಲ್ಲಿ ಕಥೆ ಮತ್ತು ಕೈ ಒಂದೇ ಕಡೆಗಿವೆ. ಆದರೂ ನನ್ನದೊಂದು ತಕರಾರಿದೆ. ಆ ನೆಲದಲ್ಲಿ ಮನುಷ್ಯರೇ ಇಲ್ಲ. ಹುಲ್ಲು ಕೊಯ್ಯುವ ಹೆಂಗಸಿಲ್ಲ, ದನ ಮೇಯಿಸುವ ಹುಡುಗನಿಲ್ಲ, ಜಮೀನಿನ ವ್ಯಾಜ್ಯವಿಲ್ಲ. ಖಾಲಿ ನೆಲದಲ್ಲಿ ಕಾಡು ಬೆಳೆಸುವುದು ಸುಲಭ. ಪಶ್ಚಿಮಘಟ್ಟದ ಬಗ್ಗೆ ಒಂದು ವರದಿ ಬಂದಾಗ ಊರೂರಲ್ಲಿ ನಡೆದ ಜಗಳವನ್ನು ಕಂಡ ನಮಗೆ ಆ ಸುಲಭದ ಮೇಲೆ ಅನುಮಾನ ಬರುವುದು ಸಹಜ.

ಆ ಜಗಳವನ್ನೂ ಒಳಗೆ ಬಿಟ್ಟುಕೊಂಡ ಆಟವೊಂದಿದೆ, ಹೆಸರು ಇಕೋ. 2018ರಿಂದ ಆಡಲು ಸಿಗುತ್ತಿದೆ. ಹತ್ತಾರು ಜನ ಒಂದೇ ಸಣ್ಣ ಲೋಕದಲ್ಲಿ ಸೇರಿ ಆಡಬೇಕು. ಆಕಾಶದಲ್ಲಿ ಉಲ್ಕೆಯೊಂದು ಬರುತ್ತಿದೆ, ಮೂವತ್ತು ದಿನದಲ್ಲಿ ಬಡಿಯುತ್ತದೆ. ಅದನ್ನು ಒಡೆಯಲು ಲೇಸರ್ ಬೇಕು, ಲೇಸರಿಗೆ ಗಣಿ, ಕಾರ್ಖಾನೆ, ವಿದ್ಯುತ್ತು ಬೇಕು. ಅವಸರ ಮಾಡಿದರೆ ಉಲ್ಕೆ ಬರುವ ಮೊದಲೇ ಕಾಡು, ಗಾಳಿ, ನೀರು ಕೆಟ್ಟು ಲೋಕ ಸಾಯುತ್ತದೆ. ನಿಧಾನ ಮಾಡಿದರೆ ಉಲ್ಕೆ ಇದ್ದೇ ಇದೆ. ಹೀಗಾಗಿ ಆಡುವವರೇ ಕೂತು ಕಾನೂನು ಬರೆದು ಮತ ಹಾಕುತ್ತಾರೆ: ಇಂಥ ಕಡೆ ಮರ ಕಡಿಯಬಾರದು, ಇಷ್ಟಕ್ಕಿಂತ ಹೆಚ್ಚು ಬೇಟೆಯಾಡಬಾರದು. ತಂತ್ರಜ್ಞಾನ ಬೇಡವೆನ್ನುವ ಪುಣ್ಯಾತ್ಮರೂ ಇಲ್ಲಿ ಸೋಲುತ್ತಾರೆ, ಬೇಕೇಬೇಕೆನ್ನುವ ಧಾವಂತದವರೂ ಸೋಲುತ್ತಾರೆ. ಪಂಚಾಯಿತಿ ಮಾಡಲು ಬಂದವರು ಗೆಲ್ಲುತ್ತಾರೆ, ಅದೂ ಕೆಲವೊಮ್ಮೆ.

ಆಟಗಳೆಲ್ಲ ಕಾಡಿಗೆ ಎರಡು ಬಗೆಯುವ ಕಪಟಿಗಳು ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕೆಲವಂತೂ ಹುಟ್ಟಿದ್ದೇ ಕಳೆದುಹೋದ ಹೊಲಗದ್ದೆಗಳ ನೆನಪಿನಿಂದ. ಪೋಕೆಮಾನ್ ಮಾಡಿದ ಸತೋಷಿ ತಜಿರಿ ಟೋಕಿಯೋದ ಅಂಚಿನ ಮಚಿಡಾ ಎಂಬ ಊರಿನಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಹುಳು ಹಿಡಿಯುವ ಹುಚ್ಚು. ಅವರು ದೊಡ್ಡವರಾಗುವಷ್ಟರಲ್ಲಿ ಕೆರೆಕುಂಟೆ, ಪೊದೆಗಳ ಮೇಲೆ ಕಟ್ಟಡಗಳು ಎದ್ದವು. ಆಗಿನ ಗೇಮ್ ಬಾಯ್ ಯಂತ್ರಗಳೆರಡನ್ನು ಜೋಡಿಸುವ ಕೇಬಲ್ ನೋಡಿದಾಗ, ಅದರ ಮೇಲೆ ಹುಳು ಹರಿದು ಈ ಯಂತ್ರದಿಂದ ಆ ಯಂತ್ರಕ್ಕೆ ಹೋದಂತೆ ಅವರಿಗೆ ಹೊಳೆಯಿತಂತೆ. ಪೇಟೆಯ ಮಕ್ಕಳಿಗೂ ಆ ಸುಖ ಸಿಗಲೆಂದು 1996ರಲ್ಲಿ ಆಟ ಬಂತು. 151 ಜೀವಿಗಳನ್ನು ಹುಲ್ಲಿನೊಳಗೆ ಹುಡುಕಿ, ಹಿಡಿದು, ಚೆಂಡಿನೊಳಗೆ ಹಾಕಿ, ಜಾಸ್ತಿಯಾದವನ್ನು ಕಂಪ್ಯೂಟರಿನಲ್ಲಿ ಇಡಬಹುದು. ಹುಳುವನ್ನು ಡಬ್ಬಿಯಲ್ಲಿಟ್ಟ ಹುಡುಗನ ನಿಯಮವೇ ಅದು. ಡಬ್ಬಿಗೆ ತೂತು ಕೊರೆಯಬೇಕಾದ ಕಷ್ಟವೊಂದು ತಪ್ಪಿತು.

ನಮ್ಮ ಬೆಂಗಳೂರಿಗೂ ಈ ವಿಷಯಕ್ಕೂ ನೇರ ನಂಟಿದೆ. 2018ರಲ್ಲಿ ಬಂದ ರೆಡ್ ಡೆಡ್ ರಿಡೆಂಪ್ಷನ್ ಟೂ ಆಟದ ಕಾಡು, ಹಿಮ, ಜೌಗುಗಳನ್ನು ನೋಡಿದವರು ಬೆರಗಾಗುತ್ತಾರೆ. ಕಾಲ 1899, ಅಮೆರಿಕದ ಕಾಡುಮೇಡಿಗೆ ರೈಲು, ಎಣ್ಣೆಬಾವಿ, ಕಾರ್ಖಾನೆ ನುಗ್ಗುತ್ತಿರುವ ಹೊತ್ತು. ಸುಮಾರು 200 ಬಗೆಯ ಪ್ರಾಣಿಪಕ್ಷಿಗಳು ಅದರಲ್ಲಿ ಓಡಾಡುತ್ತವೆ. ರಾಕ್‌ಸ್ಟಾರ್ ಕಂಪನಿಯ ಹಲವು ದೇಶಗಳ ಶಾಖೆಗಳು ಒಟ್ಟಾಗಿ ಕಟ್ಟಿದ ಈ ಆಟದಲ್ಲಿ ಬೆಂಗಳೂರಿನ ಶಾಖೆಯ ದುಡಿಮೆಯೂ ಸೇರಿದೆ. ನೂರಿಪ್ಪತ್ತು ವರ್ಷ ಹಿಂದಿನ ಅಮೆರಿಕದ ಕಾಡಿಗೆ, ಕೆರೆಗಳ ಮೇಲೆ ಲೇಔಟು ಹರಡಿಕೊಂಡ ಊರಿನ ಹುಡುಗ ಹುಡುಗಿಯರು ಕೈ ಹಚ್ಚಿದ್ದಾರೆ.

ಇದರಲ್ಲಿ ನಿಯಮವೊಂದಿದೆ. ಕ್ಯಾರೊಲಿನಾ ಗಿಳಿ ಎಂಬ ಹಸಿರು ಹಳದಿ ಹಕ್ಕಿ ಆಟದ ಜೌಗು ನಾಡಿನಲ್ಲಿ ಹಾರಾಡುತ್ತಿರುತ್ತದೆ. ಬೇರೆ ಸಾಮಾನ್ಯ ಪ್ರಾಣಿಗಳನ್ನು ಎಷ್ಟು ಹೊಡೆದರೂ ಮತ್ತೆ ಹುಟ್ಟುತ್ತವೆ. ಈ ಗಿಳಿಯನ್ನು ಮಿತಿಮೀರಿ ಕೊಂದರೆ ಅದು ಮುಗಿದೇಹೋಗುತ್ತದೆ. ನಿಜವಾದ ಕ್ಯಾರೊಲಿನಾ ಗಿಳಿಗಳಲ್ಲಿ ಪಂಜರದಲ್ಲಿದ್ದ ಕೊನೆಯದು ಸಿನ್ಸಿನಾಟಿಯ ಮೃಗಾಲಯದಲ್ಲಿ 1918ರಲ್ಲಿ ಸತ್ತಿತು. ಮೈನ್‌ಕ್ರಾಫ್ಟಿನ ಮುಗಿಯದ ಕಾಡನ್ನು ನೆನೆದರೆ, ಮುಗಿದುಹೋಗುವ ಒಂದು ಹಕ್ಕಿ ಎಷ್ಟು ಧೈರ್ಯದ ನಿಯಮ ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 15 ನಿಜವಾದ ಪ್ರಾಣಿಗಳ ಚಿತ್ರ ತೋರಿಸಿದಾಗ ಈ ಆಟ ಆಡಿದವರು ಸರಾಸರಿ 10ನ್ನು ಗುರುತಿಸಿದರು, ಆಡದವರಿಗಿಂತ ಮೂರು ಹೆಚ್ಚು. ಅವರು ಕಲಿತದ್ದು ಕೊಂದು, ಚರ್ಮ ಸುಲಿದು. ಬೇಟೆಗಾರನಿಗೆ ಕಾಡು ಗೊತ್ತಿರುತ್ತದೆ ಎಂಬುದು, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಓದಿದವರಿಗೆ ಹೊಸ ಮಾತಲ್ಲ.

ಇನ್ನು ಪರದೆಯ ಈಚೆಗೆ ಬರೋಣ. ಇಲ್ಲಿಯೂ ಒಂದು ನಿಯಮ ನಡೆಯುತ್ತಿರುತ್ತದೆ, ಅದನ್ನು ಯಾವ ಆಟವೂ ತೋರಿಸುವುದಿಲ್ಲ. ಪ್ಲೇಸ್ಟೇಷನ್ ಫೈವ್ ಯಂತ್ರ ದೊಡ್ಡ ಆಟ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿಯ ಲೆಕ್ಕ ಬೇರೆ. ಮನೆಯ ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು ಇಪ್ಪತ್ತಕ್ಕೂ ಹೆಚ್ಚು ಉರಿದಂತೆ. ಹಳೆಯದಾದ ಯಂತ್ರ, ಫೋನು, ಕಂಪ್ಯೂಟರು, ಫ್ರಿಜ್ಜು ಎಲ್ಲ ಸೇರಿ 2022ರಲ್ಲಿ ಜಗತ್ತಿನ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಲೆಕ್ಕ ಹಾಕಿದೆ. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕೂ ಕಡಿಮೆ. ಮಾಕೋ ಹೀರುವ ಸ್ಥಾವರವನ್ನು ಸಿಡಿಸುವ ಹುಡುಗನ ಕೈಯಲ್ಲಿರುವ ಕಂಟ್ರೋಲರಿಗೆ ರಾಯಚೂರಿನ ಕಲ್ಲಿದ್ದಲಿನ ಕರೆಂಟು ಬಂದಿರಬಹುದು.

ಆಟದ ಉದ್ಯಮ ನೆಲಕ್ಕೆ ಏನು ಮಾಡುತ್ತದೆ ಎಂಬುದಕ್ಕೆ 1983ರ ಒಂದು ಪ್ರಸಂಗ ಸಾಕು. ಅದರ ಹಿಂದಿನ ವರ್ಷ ಸ್ಪೀಲ್‌ಬರ್ಗ್ ಅವರ ಇ.ಟಿ. ಸಿನಿಮಾ ಬಂದಿತ್ತು. ಬೇರೆ ಗ್ರಹದಿಂದ ಭೂಮಿಯ ಸಸಿಗಳನ್ನು ಸಂಗ್ರಹಿಸಲು ಬಂದು ಕಾಡಿನಲ್ಲಿ ಒಂಟಿಯಾಗಿ ಉಳಿದುಬಿಡುವ ಜೀವಿಯ ಕಥೆ. ಅಟಾರಿ ಕಂಪನಿ ಭಾರಿ ಹಣ ತೆತ್ತು ಅದರ ಹಕ್ಕು ಕೊಂಡಿತು. ಕ್ರಿಸ್‌ಮಸ್ ಮಾರಾಟಕ್ಕೆ ಮುಟ್ಟಿಸಬೇಕೆಂದು ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬನೇ ತಂತ್ರಜ್ಞನಿಂದ ಐದೇ ವಾರದಲ್ಲಿ ಆಟ ಮಾಡಿಸಿತು. ಆಟದಲ್ಲಿ ಇ.ಟಿ. ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುತ್ತದೆ, ಕುತ್ತಿಗೆ ಚಾಚಿ ಮೇಲೇರಿದರೆ ಇನ್ನೊಂದು ಗುಂಡಿ. ಆಡಿದವರು ಬೇಸತ್ತು ಹಿಂದಿರುಗಿಸಿದರು. ಲಕ್ಷಗಟ್ಟಲೆ ಕಾರ್ಟ್ರಿಜ್‌ಗಳು ಗೋದಾಮಿನಲ್ಲಿ ಉಳಿದವು.

1983ರ ಸೆಪ್ಟೆಂಬರಿನಲ್ಲಿ ಕಂಪನಿ ಇ.ಟಿ.ಯ ಜೊತೆಗೆ ಮಾರಾಟವಾಗದ ಇನ್ನೂ ಹಲವು ಆಟಗಳನ್ನು ಟೆಕ್ಸಾಸಿನ ಎಲ್ ಪಾಸೋದಿಂದ ಲಾರಿಗಳಲ್ಲಿ ತುಂಬಿ, ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಎಂಬ ಮರುಭೂಮಿ ಊರಿನ ಕಸದ ಗುಂಡಿಗೆ ಸುರಿಸಿ, ಮೇಲೆ ಕಾಂಕ್ರೀಟು ಹಾಕಿಸಿತು. ಹೂತ ಕಾರ್ಟ್ರಿಜ್‌ಗಳು ಏಳು ಲಕ್ಷಕ್ಕೂ ಹೆಚ್ಚು ಎಂದು ಆ ಕೆಲಸ ಮಾಡಿಸಿದ ಅಧಿಕಾರಿಯೇ ಮುಂದೆ ಹೇಳಿದ. ಬಹುಕಾಲ ಇದು ಕಟ್ಟುಕಥೆಯೆಂದು ಅನೇಕರು ನಂಬಿದ್ದರು. 2014ರ ಏಪ್ರಿಲ್‌ನಲ್ಲಿ ಸಾಕ್ಷ್ಯಚಿತ್ರ ಮಾಡುವವರು ಅಗೆಸಿದಾಗ ನಿಜವಾಗಿಯೂ ಸಿಕ್ಕಿತು. 1,300ರಷ್ಟನ್ನು ಮೇಲೆತ್ತಿ, ಉಳಿದದ್ದನ್ನು ಅಲ್ಲೇ ಬಿಟ್ಟರು. ಮೇಲೆ ಬಂದವುಗಳಲ್ಲಿ ಒಂದು ಇ.ಟಿ. ಪ್ರತಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು. ಬಹುಪಾಲನ್ನು ಅಲಮಗಾರ್ಡೊ ನಗರಾಡಳಿತ ಇಂಟರ್ನೆಟ್ಟಿನಲ್ಲಿ ಹರಾಜಿಗಿಟ್ಟಿತು. ಒಂದು ಲಕ್ಷ ಡಾಲರಿಗೂ ಹೆಚ್ಚು ಬಂತು. ಮೂವತ್ತು ವರ್ಷ ಗುಂಡಿಯಲ್ಲಿದ್ದ ಕಸ ಅಂಗಡಿಯಲ್ಲಿ ಯಾರೂ ಕೊಡದ ಬೆಲೆಗೆ ಹೋಯಿತು.